ಮಂಚದಡಿಯ ಯುರೋಪು

ಇದನ್ನು ನೀವು ನಂಬುವುದಿಲ್ಲ. ಬೇಸರವಿಲ್ಲ, ನಮ್ಮ ಒಂಬತ್ತನೇ ಕ್ಲಾಸಿನಲ್ಲೂ ಯಾರೂ ನಂಬಿಲ್ಲ. ಸೌದಿಯ ಅಬಹಾ ಊರಿನಲ್ಲಿ ಹಿಮದ ಮೇಲೆ ಜಾರಿದೆನೆಂದು ಹಿಂದೊಮ್ಮೆ ಬಿಟ್ಟ ಬಂಡಲಿನ ಫಲ. ಈ ಸಲ ನಾನು ಹೇಳಿದ್ದು ನಿಜ. ಫಜೀತಿ ಅದೇ.

ಅಬಹಾದ ಪಕ್ಕದ ಖಮೀಸ್ ಮುಶೈತ್‌ನ ನಮ್ಮ ತಾರಸಿಯಲ್ಲಿ ಮಮ್ಮಿ ಪೇಂಟಿನ ಡಬ್ಬದಲ್ಲಿ ಸಬ್ಬಸಿಗೆ ಬೆಳೆಸುತ್ತಾರೆ. ಅದರ ಎಲೆಯ ಮೇಲೆ ಒಂದು ದಿನ ಹಕ್ಕಿಯ ಹಿಕ್ಕೆಯೊಂದು ನಡೆಯತೊಡಗಿತು. ಹುಳ! ಎರಡೇ ವಾರದಲ್ಲಿ ಅದು ಹಸಿರು ಮೈ, ಕಪ್ಪು ಪಟ್ಟೆ, ಕಿತ್ತಳೆ ಬೊಟ್ಟುಗಳಲ್ಲಿ ಮದುವೆ ಗಂಡಿನಂತೆ ಕೂತಿತ್ತು. ಮುಟ್ಟಿದರೆ ತಲೆಯಿಂದ ಕವಲು ಕೊಂಬು ಹೊರಡಿಸಿ ಕೊಳೆತ ಅನಾನಸಿನ ವಾಸನೆ ಬಿಡುತ್ತಿತ್ತು. ಲೈಬ್ರರಿಯ ದಪ್ಪ ಪುಸ್ತಕದಲ್ಲಿ ಅದರ ಪಟವೇ ಇತ್ತು: ಸ್ವಾಲೋಟೇಲ್ ಚಿಟ್ಟೆ, ವಾಸ ಯುರೋಪಿನ ಹುಲ್ಲುಗಾವಲು, ಇಂಗ್ಲೆಂಡಿನಲ್ಲಾದರೆ ಜೌಗು ನೆಲ. ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಜೇಬಿನಲ್ಲಿಲ್ಲದೆ ನಮ್ಮ ಡ್ಯಾಡಿ ಹಾಲು ತರಲೂ ಹೋಗುವುದಿಲ್ಲ. ಇದು ಯುರೋಪಿನಿಂದ ಬಂದೇಬಿಟ್ಟಿದೆ!

"ಎಂತ ಮಾರಾಯ, ಹಿಮ ಆಯ್ತು, ಈಗ ಯುರೋಪಾ?" ಎಂದ ಬೆಂಚಿನ ಗೆಳೆಯ ಮುನೀರ್. "ಹಾರುವಾಗ ತೋರಿಸು. ಇಲ್ಲದಿದ್ದರೆ ಶಾಲೆ ಬಿಡುವವರೆಗೆ ನೀನು ಬಂಡಲ್ ರೋಶನ್."

ಅಷ್ಟರಲ್ಲಿ ಹುಳ, ಕಂಬ ಹತ್ತಿದ ಲೈನ್‌ಮನ್‌ನಂತೆ ಕಡ್ಡಿಗೆ ಸೊಂಟ ಬಿಗಿದುಕೊಂಡು ಕೋಶವಾಯಿತು. ಎರಡು ಮೂರು ವಾರ ಸಾಕು ಎಂದಿತ್ತು ಪುಸ್ತಕ. ಕೆಲವು ಚಳಿಗಾಲವಿಡೀ ಮಲಗುತ್ತವೆ ಎಂದೂ ಸಣ್ಣ ಅಕ್ಷರದಲ್ಲಿತ್ತು. ಆ ಸಣ್ಣ ಅಕ್ಷರ ಓದಿದಂದಿನಿಂದ ಕ್ಯಾಲೆಂಡರಿನಲ್ಲಿ ದಿನ ಎಣಿಸತೊಡಗಿದೆ.

ಮಮ್ಮಿಯ ಚಪ್ಪಲಿಗೆ ಜೀವಶಾಸ್ತ್ರ ಗೊತ್ತಿಲ್ಲ. ಹಾಗಾಗಿ ಕಡ್ಡಿ ಸಮೇತ ಅದನ್ನು ಹಾಲಿನ ಪುಡಿಯ ಖಾಲಿ ಡಬ್ಬಕ್ಕಿಳಿಸಿ, ಮುಚ್ಚಳಕ್ಕೆ ಏಳು ತೂತು ಕೊರೆದು, ಮಂಚದಡಿಯ ರಟ್ಟಿನ ಪೆಟ್ಟಿಗೆಯಲ್ಲಿ ಅಡಗಿಸಿದೆ. ಇಲ್ಲಿ ನಮ್ಮೂರಿನವರ ಎಲ್ಲ ಮನೆಗಳಲ್ಲೂ ಅಂಥದೊಂದಿದೆ. ಊರಿಗೆ ಒಯ್ಯುವ ಸಾಬೂನು, ಮುಲಾಮು, ಹಾಲಿನ ಪುಡಿ, ಕಂಬಳಿ ವರ್ಷವಿಡೀ ಅದರಲ್ಲಿ ಸೇರುತ್ತವೆ. ಡ್ಯಾಡಿ ಬಿಟ್ಟು ಯಾರೂ ಮುಟ್ಟುವಂತಿಲ್ಲ. ನಾವು ಊರಿಗೆ ಹೋಗುವುದು ಇನ್ನೂ ನಾಲ್ಕು ತಿಂಗಳಿಗೆ. ಇದಕ್ಕಿಂತ ಭದ್ರ ಜಾಗ ಯಾವುದು?

ದಿನಕ್ಕೆ ಹತ್ತು ಸಲ ಮಂಚದ ಬಳಿ ಮೊಣಕಾಲೂರಿದೆ. ನನಗೆ ಭಕ್ತಿ ಬಂತೆಂದು ಮಮ್ಮಿ ಕಣ್ಣೊರೆಸಿಕೊಂಡರು. ಬುಧವಾರ ಸಂಜೆ ಕೋಶ ಕಪ್ಪಾಗಿ, ಒಳಗಿನ ಹಳದಿ ರೆಕ್ಕೆ ನಿಚ್ಚಳ ಕಂಡಿತು. ನಾಳೆಯೇ! ಗುರುವಾರ ರಜೆ, ಮುನೀರನನ್ನು ಮನೆಗೇ ಕರೆದೆ. ಅವನೆದುರು ಮಂಚದಡಿ ಬಗ್ಗಿದೆ.

ಪೆಟ್ಟಿಗೆಯೇ ಇಲ್ಲ.

ಡ್ಯಾಡಿ ಒಳಗೆ ಬಂದರು. "ಪೆಟ್ಟಿಗೆಯಾ? ಪಕ್ಕದ ಲಾರೆನ್ಸ್ ಅಂಕಲ್ ಇವತ್ತು ಊರಿಗಲ್ವಾ, ತೂಕಕ್ಕೆ ಜಾಗ ಉಂಟು ಅಂದ್ರು. ನೀನು ಗೊರಕೆ ಹೊಡೆಯುವಾಗಲೇ ಕೊಟ್ಟು ಬಂದೆ. ಈಗ ವಿಮಾನದಲ್ಲಿರಬಹುದು. ಒಂದು ಡಬ್ಬದ ಮುಚ್ಚಳ ಪೂರಾ ತೂತು ಮಗಾ! ಪುಡಿ ಚೆಲ್ಲದ ಹಾಗೆ ಗಟ್ಟಿ ಟೇಪು ಸುತ್ತಿದ್ದೇನೆ."

ಮುನೀರ್ ಚಪ್ಪಲಿ ಮೆಟ್ಟಿಕೊಂಡ. "ಒಳ್ಳೆಯದಾಯ್ತು ಅಂಕಲ್," ಎಂದ. "ಇಲ್ಲದಿದ್ದರೆ ಯುರೋಪು ಪೂರಾ ಹೊರಗೆ ಬೀಳ್ತಿತ್ತು."