ತೂತು ಬೀಳದ ಡ್ರಮ್ಮು

ಅವರ ಎಡಗೈ ಹೆಬ್ಬೆರಳಿನ ಉಗುರು ಸದಾ ಕಪ್ಪಾಗಿರುತ್ತಿತ್ತು. ಸಯನೈಡ್ ಖಾಲಿಯಾದ ಪ್ರತಿ ಕಬ್ಬಿಣದ ಡ್ರಮ್ಮಿನ ತಳಕ್ಕೂ ಉಳಿ ಇಟ್ಟು ತೂತು ಹೊಡೆಯುತ್ತಿದ್ದರು. ಕಣ್ಣು ಮಂದ, ಸುತ್ತಿಗೆ ಆಗಾಗ ಬೆರಳಿಗೇ ಬೀಳುತ್ತಿತ್ತು. ಲೋಹಕ್ಕೆ ಲೇಪ ಹಾಕುವ ಪೀಣ್ಯದ ನಮ್ಮ ಪ್ಲೇಟಿಂಗ್ ಕಾರ್ಖಾನೆಯಲ್ಲಿ ಸ್ಟೋರು ನೋಡಿಕೊಳ್ಳುತ್ತಿದ್ದ ಅವರನ್ನು ಎಲ್ಲರೂ ಸ್ಟೋರಪ್ಪ ಎನ್ನುತ್ತಿದ್ದೆವು.

ಎಂಬತ್ತರ ದಶಕದ ಆರಂಭ. ನಲ್ಲಿ ನೀರು ಎರಡು ದಿನಕ್ಕೊಮ್ಮೆ. ನೀರು ತುಂಬಿಡಬಹುದಾದ ಗಟ್ಟಿ ಡ್ರಮ್ಮು ಹಾಳಾಗುವುದು ಕಂಡು ಎಲ್ಲರಿಗೂ ಹೊಟ್ಟೆಯುರಿ. "ಸತ್ತಾಗ ಹೊತ್ಕೊಂಡು ಹೋಗ್ತೀಯೇನಣ್ಣ?" ಎಂದು ಛೇಡಿಸಿದರೆ, "ನೀವು ಸಾಯ್ಬಾರ್ದು ಅಂತ್ಲೇ ಒಡೀತಿರೋದು ಕಣ್ರೋ" ಎನ್ನುತ್ತಿದ್ದರು.

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವನು ನಾನು. ಬಿಎಸ್ಸಿ, ಅಲ್ಲಿ ಕೆಮಿಸ್ಟ್. ಸ್ಟೋರಪ್ಪ ರಜೆ ಹಾಕಿದ ದಿನ ಒಂದು ಡ್ರಮ್ಮನ್ನು ಮೂರು ಸಲ ತೊಳೆದು, ಸೈಕಲ್ಲಿಗೆ ಕಟ್ಟಿ ದಾಸರಹಳ್ಳಿಯ ಮನೆಗೆ ಒಯ್ದೆ. ತೊಳೆಯುವುದು ಕೆಮಿಸ್ಟನಿಗೆ ತಿಳಿಯದೇ?

ಮರುದಿನ ಬೆಳಿಗ್ಗೆ ಒಂದು ಡ್ರಮ್ಮು ಕಮ್ಮಿ ಕಂಡು ಅವರು ನೇರ ನನ್ನ ಬಳಿಗೇ ಬಂದರು. ಒಪ್ಪಿಕೊಂಡೆ.

"ತಳದ ಅಂಚಿನ ಮಡಿಕೇಲಿ ಇಸ ಕೂತಿರ್ತದೆ ಕಣಯ್ಯ ಬಿಎಸ್ಸಿ, ತೊಳುದ್ರೆ ಓಗಾಕಿಲ್ಲ. ನೀರು ತುಂಬವ್ರಾ?"

"ಇವತ್ತು ನಲ್ಲಿ ಬರೋ ದಿನ" ಎಂದೆ.

ಇಬ್ಬರೂ ಸೈಕಲ್ ತುಳಿದೆವು. ಅಮ್ಮ ಅನ್ನಕ್ಕೆ ಎಸರಿಡುವ ಹೊತ್ತೊಂದೇ ನನ್ನ ತಲೆಯಲ್ಲಿತ್ತು. ಆಕೆ ಬಾಗಿಲಲ್ಲೇ ನಿಂತಿದ್ದಳು. ಹಿಂದೆ ಡ್ರಮ್ಮು, ತುಂಬಿ ತುಳುಕುತ್ತಿತ್ತು.

"ಈ ನೀರು ಮುಟ್ಟಿದ್ಯೇನಮ್ಮ?" ಎಂದೆ.

"ಇಲ್ವಲ್ಲೋ. ಒಸಾದು, ನಾಳೆ ಶುಕ್ರವಾರ ಅರಿಸಿನ ಕುಂಕುಮ ಇಟ್ಟು ಬಳಸನ ಅಂತಿದ್ದೆ."

ನೀರು ಚೆಲ್ಲಲೆಂದು ಡ್ರಮ್ಮು ಉರುಳಿಸಲು ಹೋದಾಗ ಸ್ಟೋರಪ್ಪ ರಟ್ಟೆ ಹಿಡಿದು ಪಿಸುಗುಟ್ಟಿದರು: "ಮೋರಿಗೆ ಬಿಟ್ರೆ ದನ ಕುಡೀತವೆ." ಅಮ್ಮನಿಗೆ ಹೇಳಿದ್ದೇ ಬೇರೆ: "ಕಂಪ್ನಿ ಡ್ರಮ್ಮು ಕಣವ್ವ, ನೀರು ಸಮೇತ ವಾಪಸ್ ಬೇಕು."

"ಒಂದು ಡ್ರಮ್ಮಿಗೆ ಮನೆಗಂಟ ಬಂದ್ಯಲ್ಲ, ಓದಿರೋ ಮಗನ ಮರ್ವಾದೆ ತೆಗೆಯಾಕೆ!"

ಅವರು ತಲೆ ತಗ್ಗಿಸಿ ತಳ್ಳುಗಾಡಿ ತರಲು ಹೋದರು. ಕಾರ್ಖಾನೆಯ ತೊಟ್ಟಿಯಲ್ಲಿ ಬ್ಲೀಚಿಂಗ್ ಪುಡಿ ಹಾಕಿ ಆ ನೀರಿನ ವಿಷ ಕಳೆದೆವು. ನಿಜ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಿನ್ ಮಗ ಇಸ ತಂದವ್ನೆ ಅಂತ ಆ ತಾಯಿಗೆ ನಾನೆಂಗಪ್ಪ ಏಳ್ಲಿ? ಧೈರ್ಯ ಬಂದಾಗ ನೀನೇ ಏಳು."

ಧೈರ್ಯ ಬರಲು ವರ್ಷಗಳೇ ಬೇಕಾದವು. ಅವರು ತೀರಿಕೊಂಡ ಸುದ್ದಿ ಬಂದ ದಿನ ಅಮ್ಮ, "ಆ ಡ್ರಮ್ಮಿನವನಾ?" ಎಂದಾಗ ಎಲ್ಲವನ್ನೂ ಹೇಳಿದೆ. ಆಕೆ ನನ್ನನ್ನು ಬೈಯಲಿಲ್ಲ.

"ಏದುಸಿರು ಬಿಡ್ತಾ ಬಂದಿದ್ರು ಕಣೋ" ಎಂದಳು. "ಒಂದು ಲೋಟ ನೀರೂ ಕೊಡ್ಲಿಲ್ವಲ್ಲೋ ನಾನು."