ಕಿರೀಟದ ಗುರುತಿನ ಹತ್ತರಿ

ನಮ್ಮಪ್ಪನನ್ನು ಕಳ್ಳ ಎಂದವರ ಮನೆಗೆ ಆ ಕಳ್ಳಮಾಲನ್ನು ಕಂಕುಳಲ್ಲಿಟ್ಟುಕೊಂಡು ನಾನೇ ಹೋದೆ. ಮಾಲು ಎಂದರೆ ಬಡಗಿಗಳು ಮರ ನುಣುಪು ಮಾಡುವ ಒಂದು ಹಳೇ ಹತ್ತರಿ. ಅದರ ಮೂತಿಯ ಮೇಲೆ ಪುಟ್ಟ ಕಿರೀಟದ ಗುರುತಿದೆ.

ತಿಪ್ಪಸಂದ್ರದ ದೊಡ್ಡಪ್ಪನ ವಾದ ಇದು: ತಾತ ಬಿಳಿದೊರೆಯೊಬ್ಬನ ಬಂಗಲೆಗೆ ಬಾಗಿಲು ಮಾಡಿಕೊಟ್ಟಾಗ ಕಿರೀಟದ ಗುರುತಿನ ಸೀಮೆ ಹತ್ತರಿ ಇನಾಮು ಸಿಕ್ಕಿತ್ತು. ಮನೆ ಪಾಲಾದ ವರ್ಷ ಅದು ಕಾಣೆಯಾಯಿತು. ಆಮೇಲೆ ಅಂಥದ್ದೇ ಕಿರೀಟ ಚನ್ನಪಟ್ಟಣದಲ್ಲಿ ನಮ್ಮಪ್ಪನ ಕೈಯಲ್ಲಿ ಕಂಡಿತು, ಅದೂ ದೂರದಿಂದ. "ನಾನು ತಗೊಂಡಿಲ್ಲ" ಎಂದು ಅಪ್ಪ ಒಂದು ಸಲ ಹೇಳಿದರು. ಇದು ಎಲ್ಲಿಂದ ಬಂತು ಎಂದರೆ ಬಾಯಿ ಬಿಡಲಿಲ್ಲ. ಅಣ್ಣತಮ್ಮಂದಿರ ಮಾತು ನಿಂತುಹೋಯಿತು.

ಹೋದ ತಿಂಗಳು ದೊಡ್ಡಪ್ಪನ ಮೊಮ್ಮಗಳ ಮದುವೆಗೆ ಕರೆಯಲು ಅವರ ಮಗ ಬಂದ. ಬಾಗಿಲಲ್ಲೇ ನಿಂತು, "ಚಿಕ್ಕಪ್ಪ ಬರ್ಬೇಕಂದ್ರೆ ಹತ್ತರಿ ತಂದ್ ಮಡಗ್ಲಿ ಅಂದವ್ರೆ ನಮ್ಮಪ್ಪ" ಎಂದ. ಎಂಬತ್ತು ದಾಟಿದ ಅಪ್ಪ ಅಷ್ಟರಲ್ಲಿ ಒಳಗೆ ಒಳ್ಳೆ ಪಂಚೆ ಹುಡುಕುತ್ತಿದ್ದರು. ಆ ಮಾತು ಕೇಳಿ ಪಂಚೆಯನ್ನು ಮತ್ತೆ ಮಡಚಿಟ್ಟರು. ನನಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ.

ಮೂವತ್ತು ವರ್ಷ ಗೊಂಬೆ ಕಾರ್ಖಾನೆಯಲ್ಲಿ ಮರ ಕಡೆದವಳು ನಾನು. ಮನೆಯಲ್ಲೇ ಇದ್ದ ಹತ್ತರಿಯನ್ನು ಒಂದು ದಿನವೂ ಬಿಚ್ಚಿ ನೋಡಿರಲಿಲ್ಲ, ನನ್ನ ದಡ್ಡತನಕ್ಕೆ ಇಷ್ಟು. ಅವತ್ತೇ ಬೆಣೆ ತಟ್ಟಿ ಅಲಗು ಎಳೆದೆ. ಬೆನ್ನು ಸ್ವಲ್ಪ ಬಾಗಿದೆ, ಮೇಲ್ತುದಿಯಲ್ಲಿ ಬೋಲ್ಟಿನ ಅರ್ಧ ತೂತು. ಅದು ಲಾರಿಯ ಸ್ಪ್ರಿಂಗಿನ ಕಮಾನ್ ಪಟ್ಟಿ, ಕತ್ತರಿಸಿ ಅಲಗು ಮಾಡಿದ್ದು. ಬೆಣೆ ಕೂರುವ ಜಾಗದ ಜಿಡ್ಡು ಕೆರೆದೆ. ಸೀಮೆ ಹತ್ತರಿಗಳು ಬೀಚ್ ಎಂಬ ವಿಲಾಯತಿ ಮರದವು, ಮೈಯೆಲ್ಲ ಸಣ್ಣ ಕಂದು ಚುಕ್ಕೆ. ಇಲ್ಲಿದ್ದದ್ದು ಕಪ್ಪು ನೇರಳೆ ಬಣ್ಣದ ತಿರುಳು, ನಮ್ಮೂರ ಹುಣಸೆ.

"ಇದನ್ನ ನೀನೇ ಮಾಡಿದ್ದಾ ಅಪ್ಪ?"

ಅಪ್ಪ ಗೋಡೆ ನೋಡಿದರು. "ಊರ ಹತ್ತರಿ ಅಂದ್ರೆ ಯಾರು ಕೆಲ್ಸ ಕೊಡೋರು ಕಣವ್ವ? ನಮ್ಮಪ್ಪಂದು ಗ್ಯಾಪ್ಕ ಇತ್ತು, ಅಂಗೇ ಕಿರೀಟ ಕೆತ್ಬುಟ್ಟೆ. ಸೀಮೇದು ಅಂತ ಎಲ್ರಿಗೂ ಸುಳ್ಳು ಹೇಳ್ಬುಟ್ಟಿದ್ದೆ."

ಅಣ್ಣನ ಬಾಯಲ್ಲಿ ಕಳ್ಳ ಅನ್ನಿಸಿಕೊಂಡರೂ ಸರಿ, ಗಿರಾಕಿಗಳ ಮುಂದೆ ಸುಳ್ಳುಗಾರನಾಗಬಾರದು ಎಂದು ಇಷ್ಟು ಕಾಲ ಸುಮ್ಮನಿದ್ದರಂತೆ. ನಗಬೇಕೋ ಬೈಯಬೇಕೋ ತಿಳಿಯಲಿಲ್ಲ, ಎರಡೂ ಮಾಡಿದೆ.

ಮದುವೆಗೆ ಎರಡು ದಿನ ಮೊದಲು, ದೊಡ್ಡಪ್ಪನ ಜಗಲಿಯಲ್ಲಿ ನೆಂಟರೆದುರಿಗೇ ಹತ್ತರಿ ಬಿಚ್ಚಿಟ್ಟೆ. "ತಾತನ ದೊರೆ ಲಾರಿ ಕಮಾನ್ ಕತ್ತರಿಸಿ ಅಲಗು ಮಾಡಿಸಿದ್ನಾ ದೊಡ್ಡಪ್ಪ? ಹುಣ್ಸೆಮರಾನೂ ಹಡಗಲ್ಲಿ ತಂದಿದ್ನಾ?"

ದೊಡ್ಡಪ್ಪನೂ ಬಡಗಿಯೇ. ಕನ್ನಡಕ ಏರಿಸಿ ಅರ್ಧ ತೂತಿನ ಅಂಚು ಸವರಿದರು. ಮರವನ್ನು ಉಗುರಿನಿಂದ ಕೆರೆದು ನೋಡಿದರು. ಆಮೇಲೆ ಅಲಗು ಕೂರಿಸಿ ಬೆಣೆ ತಟ್ಟಿ, ಚಪ್ಪರಕ್ಕೆ ತಂದಿದ್ದ ಹಲಗೆಯ ಮೇಲೆ ಒಂದು ಸಲ ತಳ್ಳಿದರು. ಮರದ ಸುರುಳಿ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ, ಈ ತುದಿಯಿಂದ ಆ ತುದಿಯವರೆಗೆ ತುಂಡಾಗದೆ ಬಂತು.

"ನಮ್ಮಪ್ಪಂದು ಹಿಂಗೆ ಹೊಡೀತಿರ್ಲಿಲ್ಲ" ಎಂದರು. "ಅವ್ನ ಕರ್ಕಂಡ್ ಬಾರವ್ವ."

ತಾತನ ಹತ್ತರಿ ಎಲ್ಲಿ ಹೋಯಿತೋ ದೇವರೇ ಬಲ್ಲ. ನಾನಂತೂ ಗೆದ್ದಿದ್ದೆ. ಅಲ್ಲಿಂದಲೇ ಅಪ್ಪನಿಗೆ ಫೋನ್ ಹಚ್ಚಿ, ಪಂಚೆ ತೆಗೆದಿಡು ಎಂದೆ. ದೊಡ್ಡಪ್ಪ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು: "ನಂಗೂ ಒಂದು ಮಾಡ್ಕೊಡಕ್ಕೇಳು. ಕಿರೀಟಾನೂ ಇರ್ಲಿ."