ಅಪ್ಪ ಕತ್ತರಿಸಿದ ಹಾಸು

ಮುರಿದ ಹಣಿಗೆಯೊಂದಕ್ಕೆ ನಾನು ಮೂರು ರೂಪಾಯಿ ಕೊಟ್ಟೆ. ಚಳ್ಳಕೆರೆ ಸಂತೆಯಲ್ಲಿ ನನ್ನನ್ನು ಬಲ್ಲವರು ಯಾರೂ ಇದನ್ನು ನಂಬಲಿಕ್ಕಿಲ್ಲ. ಗಂಡ ತೀರಿಕೊಂಡ ಮೇಲೆ ಸೀರೆಗಂಟು ತಲೆಯ ಮೇಲೆ ಹೊತ್ತು ಮನೆಮನೆ ತಿರುಗಿ ವ್ಯಾಪಾರ ಕಲಿತವಳು ನಾನು. ಸ್ವಂತ ಅಂಗಡಿ ಇಟ್ಟ ಮೇಲೂ ಕೊತ್ತಂಬರಿ ಕಟ್ಟಿಗೆ ಚೌಕಾಸಿ ಮಾಡದೆ ಕೈ ಚಾಚಿದವಳಲ್ಲ. ಮಗ್ಗದಲ್ಲಿ ನೂಲೆಳೆಗಳನ್ನು ಬಿಡಿಬಿಡಿಯಾಗಿ ಹಿಡಿದಿಡುವ ಬಿದಿರುಹಲ್ಲುಗಳ ಆ ಚೌಕಟ್ಟು ಒಲೆಗೆ ಹಾಕುವುದಕ್ಕೆ ಮಾತ್ರ ಲಾಯಕ್ಕಾಗಿತ್ತು. ಗುಜರಿ ಸಾಬರು ಎರಡಾಣೆಗೆ ಕೊಟ್ಟುಬಿಡುವ ಮುಖದಲ್ಲೇ ಇದ್ದರು. ಆದರೆ ನಾನು ಅದನ್ನೆತ್ತಿ ಮೂಗಿಗೆ ಹಿಡಿದೆ. ವ್ಯಾಪಾರದಲ್ಲಿ ಅಂಥ ತಪ್ಪು ಇನ್ನೊಂದಿಲ್ಲ. ಬೇಕಾದ ವಸ್ತುವನ್ನು ಮಾರುವವನ ಎದುರಿಗೆ ಮೂಸಬಾರದು. ಹುಳಿಗಟ್ಟಿದ ಗಂಜಿಯ ವಾಸನೆ, ಹಸಿ ರೇಷ್ಮೆಯ ಅಂಟಿನ ವಾಸನೆ, ಹುರಿಗೆ ಸವರಿದ ಹರಳೆಣ್ಣೆಯ ವಾಸನೆ, ಎಲ್ಲವೂ ಅದರ ಹಲ್ಲುಗಳ ಸಂದಿಯಲ್ಲಿ ಹಾಗೇ ಉಳಿದಿದ್ದವು. ಗೇಣುದ್ದದ ಹಳೆಯ ನೂಲು ಕೂಡ ಸಿಕ್ಕಿಕೊಂಡಿತ್ತು. ಸಾಬರು ನನ್ನ ಕಣ್ಣು ನೋಡಿ ಮೂರು ರೂಪಾಯಿ ಎಂದರು, ನಾನು ಕೊಟ್ಟೆ, ಅವರೇ ನಾಚಿ ಬೇರೆ ಕಡೆ ತಿರುಗಿಕೊಂಡರು.

ಆ ಗೇಣು ನೂಲಿಗಾಗಿಯೇ ಕೊಟ್ಟೆ. ನೇಯುವವರ ಮನೆಯಲ್ಲಿ ಬೆಳೆಯದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಹಾಸು ನೇಯ್ದು ಮುಗಿದಾಗ, ಎಂದರೆ ಮಗ್ಗದ ಉದ್ದಕ್ಕೂ ಹರವಿದ ನೂಲು ತೀರಿದಾಗ, ಸೀರೆಗಳನ್ನು ಕೊಯ್ದು ತೆಗೆಯುತ್ತಾರೆ, ಆದರೆ ಹಣಿಗೆಯೊಳಗಿನ ನೂಲಿನ ತುದಿಯನ್ನು ತೆಗೆಯುವುದಿಲ್ಲ. ಗೇಣುದ್ದ ಬಿಟ್ಟಿರುತ್ತಾರೆ. ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ಎಳೆಗೆ ಹೊಸೆದು ಸೇರಿಸಿ ಮೆಲ್ಲಗೆ ಎಳೆದುಕೊಂಡರೆ, ಹಳೆಯದು ಹೊಸದರ ಕೈಹಿಡಿದು ಹಣಿಗೆ ದಾಟಿಸುತ್ತದೆ. ಇದಕ್ಕೆ ಕೆಚ್ಚುವುದು ಎನ್ನುತ್ತಿದ್ದರು. ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಕೆಚ್ಚುತ್ತಿದ್ದವಳು ಅಪ್ಪನ ತಾಯಿ, ನಮ್ಮ ಜೇಜಿ. ಬೆರಳಿಗೆ ಒಲೆಯ ಬೂದಿ ಹಚ್ಚಿಕೊಂಡು, ಗೋಡೆಗೆ ಬೆನ್ನು ಕೊಟ್ಟು, ನೋಡದೆಯೇ ಹೊಸೆಯುತ್ತಿದ್ದಳು. ಪಕ್ಕದಲ್ಲಿ ಕೂತು ಎಳೆಗಳನ್ನು ಬಿಡಿಸಿಕೊಡುವುದು ನನ್ನ ಕೆಲಸ. ತಾತ ಆ ಮಗ್ಗ ಹೂಡಿದ ದಿನದಿಂದ ಅದರ ನೂಲು ಒಮ್ಮೆಯೂ ಪೂರಾ ಕಡಿದಿಲ್ಲ ಎಂದು ಅವಳು ಬಂದವರಿಗೆಲ್ಲ ಹೇಳುವಳು. ಬೇರೆಯವರ ಮನೆಯಲ್ಲಿ ವಂಶದ ಮಾತು ಹೇಳುವ ಹಾಗೆ ಹೇಳುವಳು.

ನಡುಮನೆಯ ನೆಲದಲ್ಲಿ ತೋಡಿದ ಕುಳಿಯಲ್ಲಿ ಕಾಲಿಳಿಬಿಟ್ಟು ನೇಯುವ ಮಗ್ಗ ಅದು. ನಮ್ಮ ಕಡೆಯ ಸೀರೆಯ ಒಡಲು ಒಂದು ಬಣ್ಣ, ಅಂಚು ಇನ್ನೊಂದು. ಎರಡೂ ಒಂದರೊಳಗೊಂದು ಕೊಂಡಿ ಹಾಕಿಕೊಳ್ಳಬೇಕಾದರೆ ಲಾಳಿ ಎಸೆಯಲು ಎರಡಾಳು ಬೇಕೇ ಬೇಕು. ಒಡಲಿಗೆ ಅಪ್ಪ ಕೂರುತ್ತಿದ್ದ, ಎಡದ ಅಂಚಿಗೆ ಅವನ ಅಣ್ಣ, ನಮ್ಮ ದೊಡ್ಡಪ್ಪ ತಿಪ್ಪಣ್ಣ. ಲಾಳಿ ಓಡುತ್ತಿರುವಾಗ ಅವರಿಬ್ಬರೂ ಮಾತಾಡಿದ್ದನ್ನು ನಾನು ಕೇಳಿಲ್ಲ. ಅಪ್ಪನ ಲಾಳಿ ಹೊರಡುವುದಕ್ಕೂ ದೊಡ್ಡಪ್ಪನ ಕೈ ಏಳುವುದಕ್ಕೂ ಒಂದೇ ಉಸಿರು. ಬೆಳಗಿನ ಹೊತ್ತು ನಾನು ಕಣ್ಣು ಬಿಡುತ್ತಿದ್ದುದು ಆ ಸದ್ದಿಗೆ. ಈಗಲೂ ನಿದ್ದೆ ತಿಳಿಯಾಗುವ ಹೊತ್ತಿಗೆ ಕಿವಿ ಅದನ್ನೇ ಹುಡುಕುತ್ತದೆ.

ಪ್ಲೇಗಿಗೆ ಊರೆಲ್ಲ ಹೊರಗೆ ಗುಡಿಸಲು ಹಾಕಿಕೊಂಡಿದ್ದ ವರ್ಷ ಅಪ್ಪನಿಗೂ ಗೆಡ್ಡೆ ಎದ್ದಿತ್ತು. ಹತ್ತಿರ ಬಂದು ನೀರು ಕುಡಿಸಿದವನು ಮಿಶನ್ನಿನ ಒಬ್ಬ ಕಾಂಪೌಂಡರು. ಅಪ್ಪ ಬದುಕಿ ಎದ್ದ, ಎದ್ದವನು ಯೇಸುಸ್ವಾಮಿಯ ಕಡೆಗೇ ಎದ್ದ. ಚೌಡಪ್ಪ ಹೋಗಿ ಯೋಹಾನಪ್ಪನಾದ. ಅವ್ವನೂ ನಾನೂ ಅವನ ಜೊತೆ ದೀಕ್ಷಾಸ್ನಾನ ತೆಗೆದುಕೊಂಡೆವು. ದೊಡ್ಡಪ್ಪ ದೊಡ್ಡಮ್ಮ ತೆಗೆದುಕೊಳ್ಳಲಿಲ್ಲ. ಆದರೂ ಮನೆ ಒಡೆಯಲಿಲ್ಲ. ಒಲೆ ಎರಡಾಯಿತು, ಮಗ್ಗ ಒಂದೇ ಉಳಿಯಿತು. ಅಪ್ಪ ಭಾನುವಾರ ಲಾಳಿ ಮುಟ್ಟುತ್ತಿರಲಿಲ್ಲ, ದೊಡ್ಡಪ್ಪ ಅಮಾವಾಸ್ಯೆಗೆ ಮುಟ್ಟುತ್ತಿರಲಿಲ್ಲ. "ಇವನ ದೇವರಿಗೆ ಐತಾರ, ಅವನ ದೇವರಿಗೆ ಅಮಾಸೆ. ಮಗ್ಗದ ಪುಣ್ಯ ನೋಡು, ಇಬ್ಬರ ರಜಾನೂ ಅದಕ್ಕೇ" ಎಂದು ಜೇಜಿ ನಗುತ್ತಿದ್ದಳು. ಮಗನ ಹೊಸ ಹೆಸರು ಮಾತ್ರ ಅವಳ ಬಾಯಿಗೆ ಬರಲಿಲ್ಲ. ಬರಲಿಲ್ಲವೋ, ಅವಳು ಬರಗೊಡಲಿಲ್ಲವೋ.

ಅಪ್ಪನಿಗೆ ಆಗ ಕಂಡದ್ದೆಲ್ಲ ಪಾಠ. ಹಸಿ ರೇಷ್ಮೆಯನ್ನು ಸವುಳುನೀರಲ್ಲಿ ಕುದಿಸಿದರೆ ಅಂಟು ಬಿಟ್ಟು ತೂಕ ಇಳಿಯುತ್ತದೆ, ಹೊಳಪು ಏರುತ್ತದೆ. ಪಶ್ಚಾತ್ತಾಪ ಎಂದರೆ ಇದೇ ಕಣೇ ಎಂದು ಹಂಡೆಯ ಮುಂದೆ ನಿಲ್ಲಿಸಿಕೊಂಡು ನನಗೆ ಹೇಳುವನು. ನೇಯುವವನಿಗೆ ಕಾಣುವುದು ಮೊಣಕಾಲಿನ ಮುಂದಿನ ಒಂದು ಮೊಳ ಬಟ್ಟೆ, ಉಳಿದದ್ದು ಸುತ್ತಿಕೊಂಡಿರುತ್ತದೆ. ನಾಳೆಯ ಚಿಂತೆ ಬೇಡ ಎಂಬುದಕ್ಕೆ ಬೇರೆ ಸಾಕ್ಷಿ ಯಾಕೆ ಎನ್ನುವನು. ಎಳೆ ಕಡಿದರೆ ಮಗ್ಗ ನಿಲ್ಲಿಸಿ ಆ ಒಂದೇ ಎಳೆ ಹುಡುಕಬೇಕು, ತಪ್ಪಿಹೋದ ಕುರಿಯನ್ನು ಹುಡುಕಿದ ಹಾಗೆ. ದೊಡ್ಡಪ್ಪ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದ. ಒಮ್ಮೆ ಮಾತ್ರ, ಹಾಗಾದ್ರೆ ನಾನು ಇಷ್ಟು ವರ್ಷ ಕುರಿ ಕಾಯ್ತಿದ್ದೆ ಅನ್ನು, ಎಂದು ಗೊಣಗಿದ. ಇಬ್ಬರೂ ನಕ್ಕರು. ನನ್ನ ಬುದ್ಧಿಗೆ ಏನಾದರೂ ಬೆಲೆಯಿದ್ದರೆ ಅದು ಆ ಹಂಡೆಯ ಮುಂದೆ, ಆ ಕುಳಿಯ ಅಂಚಿನಲ್ಲಿ ದುಡಿದದ್ದು.

ತಿಂಗಳಿಗೊಮ್ಮೆ ಎತ್ತಿನ ಗಾಡಿಯಲ್ಲಿ ಬರುತ್ತಿದ್ದ ಮಿಶನ್ನಿನ ಉಪದೇಶಿಗಳು ಒಂದು ಸಲ ಹೊಸ ಬಟ್ಟೆಯ ಮಾತು ಎತ್ತಿದರು. ಹಳೆಯ ವಸ್ತ್ರಕ್ಕೆ ಹೊಸ ಬಟ್ಟೆಯ ತೇಪೆ ಯಾರೂ ಹಾಕುವುದಿಲ್ಲ, ಹಾಕಿದರೆ ಹರುಕು ಹೆಚ್ಚುತ್ತದೆ ಎಂದು ಸ್ವಾಮಿ ಹೇಳಿದ್ದನ್ನು ವಿವರಿಸಿ ಹೋದರು. ಬೇರೆ ಕಸುಬಿನವರಾಗಿದ್ದರೆ ಕೇಳಿ ತಲೆದೂಗಿ ಮಲಗುತ್ತಿದ್ದರು. ನೇಯುವವನಿಗೆ ಅದು ತನ್ನ ಹೆಸರು ಹಿಡಿದು ಕರೆದ ಹಾಗಾಯಿತು. ಅದೇ ವಾರ ಒಂದು ಹಾಸು ಮುಗಿದಿತ್ತು. ಹೊಸ ಹಾಸು ಸುತ್ತಿ ಸಿದ್ಧವಾಗಿತ್ತು. ದೊಡ್ಡಪ್ಪ ಜರಿ ತರಲು ಪೇಟೆಗೆ ಹೋಗಿದ್ದ. ಜೇಜಿ ಬೂದಿಯ ತಟ್ಟೆ ಹಿಡಿದು ನಡುಮನೆಗೆ ಬರುವಷ್ಟರಲ್ಲಿ ಅಪ್ಪ ಹಣಿಗೆಯೊಳಗಿನ ಹಳೆಯ ನೂಲನ್ನು ಪೂರಾ ಕತ್ತರಿಸಿ ಎಳೆದುಹಾಕಿದ್ದ. ಅದು ಅವನ ಕಾಲ ಬಳಿ ಕೂದಲ ಉಂಡೆಯ ಹಾಗೆ ಬಿದ್ದಿತ್ತು. ಅವನ ಮುಖದಲ್ಲಿ ಸಂತೋಷವಿತ್ತು. ಕೆಟ್ಟ ಮನಸ್ಸಿನಿಂದ ಮಾಡಿದ್ದರೆ ಮರೆಯುವುದು ಸುಲಭವಿತ್ತು.

ಹೊಸದನ್ನು ಹಳೆಯದಕ್ಕೆ ಸೇರಿಸಬಾರದು ಎಂದು ಸ್ವಾಮಿಯೇ ಹೇಳಿದ್ದಾನೆ, ಇನ್ನು ಈ ಮಗ್ಗ ಅವನದು, ಎಂದ ಅಪ್ಪ. ಜೇಜಿ ತಟ್ಟೆ ಕೆಳಗಿಟ್ಟಳು.

"ನಿನ್ನ ಸ್ವಾಮಿ ಬಡಗಿ ಮನ್ಯಾಗೆ ಬೆಳೆದೋನು ಅಂತ ನೀನೇ ಹೇಳಿದ್ದೆಲ್ಲೋ ನಾಯನಾ. ಅವನು ತೇಪೆ ಮಾತು ಹೇಳವ್ನೆ. ಮಗ್ಗದ ಮಾತು ಅವನ್ಯಾಕೆ ಹೇಳ್ತಾನೆ, ಅದು ನಿನಗೆ ಗೊತ್ತೈತೆ ಅಂತ ಬಿಟ್ಟವ್ನೆ."

ದೊಡ್ಡಪ್ಪ ಬಂದ. ಜರಿಯ ಪೊಟ್ಟಣ ಕಂಕುಳಲ್ಲೇ ಇತ್ತು. ಖಾಲಿ ಹಣಿಗೆಯನ್ನು ನೋಡಿದ. ಅದು ಬರೀ ನೂಲು ಕಣಣ್ಣಾ, ಎಂದ ಅಪ್ಪ.

"ಬರೀ ನೂಲಾಗಿದ್ರೆ ನೀನ್ಯಾಕೆ ಕತ್ತರಿಸ್ತಿದ್ದೆ?" ಎಂದ ದೊಡ್ಡಪ್ಪ.

ಜರಿಯ ಪೊಟ್ಟಣವನ್ನು ಮಗ್ಗದ ಮೇಲಿಟ್ಟು ಹೊರಗೆ ಹೋದ. ಜಗಳವಾಗಿದ್ದರೆ ಒಳ್ಳೆಯದಿತ್ತು. ಮಾತು ಏರಿದರೆ ಇಳಿಸಲು ಜನ ಬರುತ್ತಾರೆ. ಮೌನದ ನಡುವೆ ಯಾವ ಪಂಚಾಯ್ತಿಯೂ ಕೂರುವುದಿಲ್ಲ. ವಾರದೊಳಗೆ ದೊಡ್ಡಪ್ಪ, ದೊಡ್ಡಮ್ಮ ಗಡಿಯಾಚೆ ರಾಯದುರ್ಗದಲ್ಲಿದ್ದ ದೊಡ್ಡಮ್ಮನ ತವರಿಗೆ ಹೊರಟರು. ಜೇಜಿಯೂ ಗಾಡಿ ಹತ್ತಿದಳು. ಹಿರಿಯ ಮಗನ ಜೊತೆ ಹೋಗುವುದು ರೂಢಿ. ಅದಕ್ಕಿಂತ ಹೆಚ್ಚಾಗಿ, ಆ ಮಗ್ಗವನ್ನು ನೋಡಿಕೊಂಡು ಕೂರುವುದು ಅವಳಿಂದ ಆಗುತ್ತಿರಲಿಲ್ಲ. ಹತ್ತುವ ಮುಂಚೆ ಅಪ್ಪನ ಗದ್ದ ಹಿಡಿದು, "ಇಬ್ರೂ ಒಂದು ಮಗ್ಗಕ್ಕೆ ಕೂತ ದಿನ ಹೇಳಿಕಳಿಸು ಚೌಡಾ, ನಡ್ಕೊಂಡೇ ಬರ್ತೀನಿ" ಎಂದಳು. ಬದುಕಿನಲ್ಲಿ ಅವಳು ಬೇರೆ ಏನನ್ನೂ ಕೇಳಿದ್ದು ನನಗೆ ಗೊತ್ತಿಲ್ಲ.

ಅಪ್ಪ ಹೊಸ ಹಾಸಿನ ಎಳೆಗಳನ್ನು ಬರಿಗೈಯಲ್ಲಿ ಒಂದೊಂದಾಗಿ ಹಣಿಗೆಗೆ ಪೋಣಿಸಿದ. ಕಣ್ಣು ಕೆಂಪಾಗಿ ನೀರಿಳಿಯುವವರೆಗೂ ಪೋಣಿಸಿದ. ಆದರೆ ಅಂಚಿನ ಲಾಳಿ ಎಸೆಯಲು ಆಳಿಲ್ಲ. ಅವ್ವ ಕೂತಳು, ಪಾಪ, ಅಂಚು ಹಾವಿನ ಹಾಗೆ ಡೊಂಕಾಯಿತು, ಸಾವುಕಾರ ಸೀರೆ ವಾಪಸು ಕಳಿಸಿದ. ಆಮೇಲೆ ಅಪ್ಪ ಒಬ್ಬನೇ ನೇಯಬಹುದಾದ ಒಂದೇ ಬಣ್ಣದ ಸೀರೆಗಳನ್ನು ನೇಯತೊಡಗಿದ. ಹಂಡೆಯ ಮುಂದಿನ ಪಾಠಗಳು ನಿಂತವು. ಮಗ್ಗ ಈಗ ಯಾಕೆ ಏನೂ ಹೇಳುವುದಿಲ್ಲ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಅದು ಹೇಳೋದನ್ನ ಕೇಳಿಸ್ಕೊಂತಿದ್ದೆ. ಆಮೇಲೆ ನಾನೇ ಅದಕ್ಕೆ ಹೇಳಕ್ಕೋದೆ" ಎಂದು ಲಾಳಿ ಕೈಗೆತ್ತಿಕೊಂಡ.

ಮುಂದಿನ ದಸರೆಯ ಹೊತ್ತಿಗೆ ಜೇಜಿಯ ಕಾಲು ಬಿದ್ದುಹೋಗಿವೆ ಎಂಬ ಸುದ್ದಿ ಬಂತು. ಅಪ್ಪ ನನ್ನನ್ನು ಕರೆದುಕೊಂಡು ಆಯುಧಪೂಜೆಯ ದಿನ ರಾಯದುರ್ಗಕ್ಕೆ ಹೊರಟ. ಅಂದು ಎಲ್ಲ ಮಗ್ಗಗಳಿಗೂ ಪೂಜೆ, ನೇಯ್ಗೆಯಿಲ್ಲ, ಅಣ್ಣ ಮನೆಯಲ್ಲೇ ಬಿಡುವಾಗಿರುತ್ತಾನೆ ಎಂಬ ಲೆಕ್ಕ. ದಾರಿಯುದ್ದಕ್ಕೂ ಅವನ ತುಟಿ ಅಲ್ಲಾಡುತ್ತಿತ್ತು. ದೇವರ ಹತ್ತಿರ ಮಾತಾಡುತ್ತಿದ್ದನೋ, ಅಣ್ಣನಿಗೆ ಹೇಳುವುದನ್ನು ಬಾಯಿಪಾಠ ಮಾಡುತ್ತಿದ್ದನೋ. ದೊಡ್ಡಪ್ಪ ಕಾಲಿಗೆ ನೀರು ಕೊಟ್ಟ. ಗೋಡೆಗೊರಗಿ ಕೂತಿದ್ದ ಜೇಜಿ ಇಬ್ಬರನ್ನೂ ಒಂದೇ ಸಲ ನೋಡಲು ಕತ್ತು ಚಾಚಿದಳು. ಅರಿಶಿನ ಕುಂಕುಮ ಹಚ್ಚಿದ್ದ ಮಗ್ಗವನ್ನು ತೋರಿಸುತ್ತ ದೊಡ್ಡಪ್ಪ, ಒಡಲಿಗೆ ಕೂರುವ ಸರಿಯಾದ ಆಳು ಈ ಊರಲ್ಲಿ ಇನ್ನೂ ಸಿಕ್ಕಿಲ್ಲ ಎಂದು ಗೋಡೆಗೆ ಹೇಳುವಂತೆ ಹೇಳಿದ. ಅದು ಕರೆಯೇ ಆಗಿತ್ತು. ಮಗುವಾದ ನನಗೂ ತಿಳಿಯಿತು.

ದೊಡ್ಡಮ್ಮ ಎಲೆ ಹಾಕಿದಳು. ಮಗ್ಗದ ಮುಂದೆ ಎಡೆಯಿಟ್ಟ ಓಳಿಗೆಯನ್ನೇ ತಂದು ಎಲ್ಲರಿಗೂ ಬಡಿಸಿದಳು. ನಾನು ಆಗಲೇ ಮುರಿದು ಬಾಯಿಗಿಟ್ಟಿದ್ದೆ. ಅಪ್ಪ ಕೈಮುಗಿದು ಕಣ್ಣುಮುಚ್ಚಿದ. ಊಟಕ್ಕೆ ಮುಂಚಿನ ಪ್ರಾರ್ಥನೆ ನಮ್ಮಲ್ಲಿ ಚಿಕ್ಕದು. ಅಂದು ಮುಗಿಯಲೇ ಇಲ್ಲ. ಎಡೆಯಿಟ್ಟದ್ದನ್ನು ತಿನ್ನಬಾರದೆಂದು ಉಪದೇಶಿಗಳು ಹೇಳಿದ್ದು ಅವನ ಹಣೆಯ ಗೆರೆಗಳಲ್ಲೇ ಕಾಣುತ್ತಿತ್ತು. ಓಳಿಗೆಯ ಮೇಲಿನ ತುಪ್ಪ ಹೆಪ್ಪುಗಟ್ಟಿತು.

"ಎಷ್ಟೊತ್ತು ಕೇಳ್ತೀಯಲೇ ಅವನ್ನ," ಎಂದ ದೊಡ್ಡಪ್ಪ ಮೆಲ್ಲಗೆ, "ಅಣ್ಣನ ಮನ್ಯಾಗೆ ಉಣ್ಣಬೌದಾ ಅಂತ?"

ಅಪ್ಪ ಕಣ್ಣು ಬಿಟ್ಟು ಕೈ ಹಾಕುವಷ್ಟರಲ್ಲಿ ದೊಡ್ಡಪ್ಪ ತನ್ನ ಎಲೆಯಿಂದ ಎದ್ದಿದ್ದ. ಉಣ್ಣು ಚೌಡಾ, ಎಂದಳು ಜೇಜಿ. ಅಪ್ಪ ಉಂಡ. ಕಣ್ಣೀರು ಸುರಿಸುತ್ತ, ಒಂದು ಅಗುಳೂ ಬಿಡದೆ ಉಂಡ. ಆದರೆ ಎದುರಿನ ಎಲೆ ಮುಟ್ಟದೆ ಹಾಗೇ ಇತ್ತು. ಹೊರಡುವಾಗ ದೊಡ್ಡಪ್ಪ ಹಿತ್ತಲಲ್ಲಿದ್ದ, ಹೊರಗೆ ಬರಲಿಲ್ಲ.

ಮಳೆಗಾಲಕ್ಕೆ ಮುಂಚೆಯೇ ಜೇಜಿ ಹೋದಳು. ನಮಗೆ ಸುದ್ದಿ ಮುಟ್ಟಿದ್ದು ಮಣ್ಣು ಮಾಡಿದ ಮೇಲೆ. ದೊಡ್ಡಪ್ಪ ಇನ್ನೂ ದೂರ, ಧರ್ಮಾವರದ ಕಡೆಗೆ ಹೋದನಂತೆ. ಅವನ ಮಕ್ಕಳು ಈಗ ಎದುರಿಗೆ ಬಂದರೂ ನನಗೆ ಗುರುತು ಸಿಗಲಿಕ್ಕಿಲ್ಲ. ಅಪ್ಪ ಮಗ್ಗ ಬಿಚ್ಚಿ, ಚಳ್ಳಕೆರೆಯಲ್ಲಿ ಎಣ್ಣೆಗಾಣದ ಕೂಲಿಗೆ ಸೇರಿದ. ಮೊಳಕಾಲ್ಮೂರಿನ ಆ ಮನೆಯ ಕುಳಿಯನ್ನು ಮಣ್ಣು ಹಾಕಿ ಮುಚ್ಚಿದ್ದಾರೆ, ಮೇಲೆ ಶೇಂಗಾ ಚೀಲ ಒಟ್ಟಿದ್ದಾರೆ. ಹೋಗಿ ನೋಡಿ ಬಂದಿದ್ದೇನೆ. ಅಪ್ಪನ ನಂಬಿಕೆ ಕೊನೆಯವರೆಗೂ ಅಲುಗಲಿಲ್ಲ, ಆದರೆ ಅದರ ದನಿ ತಗ್ಗಿತ್ತು. ಮುದುಕನಾದ ಮೇಲೆ ಒಂದು ಮಧ್ಯಾಹ್ನ ಗಂಜಿ ಕುಡಿಯುತ್ತ ಕೂತವನು ಇದ್ದಕ್ಕಿದ್ದಂತೆ ಹೇಳಿದ: "ಊರೆಲ್ಲ ಪಾಪಿಗಳು ಅಂತ ದೂರ ಇಟ್ಟಿದ್ದ ಸುಂಕದೋರ ಮನ್ಯಾಗೂ ಸ್ವಾಮಿ ಉಂಡ ಕಣವ್ವ. ಎಲೆ ಮುಂದೆ ಯೋಚನೆ ಮಾಡ್ತಾ ಕೂತಿದ್ದ ಅಂತ ಎಲ್ಲೂ ಬರೆದಿಲ್ಲ. ಪಾಠ ನನ್ನ ಎಲೆ ಮೇಲೇ ಬಡಿಸಿದ್ರು. ನಾನು ಕಣ್ಣು ಮುಚ್ಕೊಂಡಿದ್ದೆ."

ಕೇಳದೆ ಬುದ್ಧಿ ಹೇಳುವುದು ನನ್ನ ಚಾಳಿ, ಗಿರಾಕಿಗಳಿಗೆಲ್ಲ ಗೊತ್ತು. ಆದ್ದರಿಂದ ನಿಮಗೂ ಹೇಳುತ್ತೇನೆ. ಮುನಿಸಿಕೊಂಡ ಅಣ್ಣನೋ ತಂಗಿಯೋ ನಿಮಗಿದ್ದರೆ, ಹಬ್ಬದ ದಿನ ಹೋಗಬೇಡಿ. ಅಂದು ಎಲ್ಲರ ದೇವರೂ ಮನೆಯಲ್ಲಿರುತ್ತಾರೆ, ಮನುಷ್ಯರಿಗೆ ಜಾಗ ಸಾಲದು. ಕೆಲಸದ ದಿನ ಹೋಗಿ, ಹೋದವರು ಆ ಕೆಲಸಕ್ಕೆ ಕೈ ಹಚ್ಚಿ. ಮಾತು ಬಾಯಿಪಾಠ ಮಾಡಿಕೊಳ್ಳಬೇಡಿ. ಪ್ರಾರ್ಥನೆಯನ್ನು ದಾರಿಯಲ್ಲೇ ಮುಗಿಸಿಕೊಳ್ಳಿ. ಹೊಟ್ಟೆ ಹಸಿದುಕೊಂಡು ಹೋಗಿ, ಎಲೆಗೆ ಬಿದ್ದ ಕೂಡಲೇ ಮೊದಲ ತುತ್ತು ನೀವೇ ಎತ್ತಿ, ಬಿಸಿಯಿರುವಾಗಲೇ.